ಮೀನಿಗೆ ಬೆಳ್ಳುಳ್ಳಿ ಮೇವು: ಒಗ್ಗರಣೆ ಬೇಡ, ಹಸಿಯೇ ಇರಲಿ

“ಮೀನಿಗೆ ಕಷಾಯ ಕುಡಿಸ್ತೀಯಾ, ಅದಕ್ಕೇನು ನೆಗಡಿನಾ?” ಅಂತ ಅಕ್ಕಪಕ್ಕದ ಹೊಂಡದವರು ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಅಳತೆ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹರಿಹರ ತಾಲ್ಲೂಕಿನಲ್ಲಿ ಭದ್ರಾ ನಾಲೆ ನೀರಿನ ಹೊಂಡ ನನ್ನದು, ಅರ್ಧ ಎಕರೆ ಹತ್ತಿರ. ಕಾಟ್ಲಾ, ರೋಹು, ಮೃಗಾಲ್. ನಾಲೆ ನಿಂತು ನೀರು ಇಳಿದರೆ ಸಾಕು, ರೋಹುಗೆ ಕೆಂಪು ಹುಣ್ಣು. ಹೊಟ್ಟೆ ಬದಿಯಲ್ಲಿ ಪೊರೆ ಎದ್ದು, ಅದರಡಿ ಕಾಸಗಲ ರಕ್ತ ಕಟ್ಟಿರುತ್ತದೆ. ರೆಕ್ಕೆಯ ಬುಡವೂ ಕೆಂಪು. ಏರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾದ ಕಾಟ. ಸುಣ್ಣ, ಉಪ್ಪು, ಪರ್ಮಾಂಗನೇಟ್ ಎಲ್ಲ ಆಯಿತು. ಆಕ್ಸಿಟೆಟ್ರಾಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್ ಮೊದಲ ವರ್ಷ ಕೆಲಸ ಮಾಡಿತು, ಮರುವರ್ಷ ರೋಗ ಜಗ್ಗಲಿಲ್ಲ. ಔಷಧಿಗೇ ನಾಲ್ಕೈದು ಸಾವಿರ. ಸತ್ತ ಮೀನಿನ ಲೆಕ್ಕ ಹಾಕಿದರೆ ಮೂವತ್ತು ಸಾವಿರಕ್ಕೆ ಕಡಿಮೆ ಇಲ್ಲ. ಮೇಲಾಗಿ ಔಷಧಿ ಕೊಟ್ಟ ಮೇಲೆ ವಾರಗಟ್ಟಲೆ ಹಿಡಿದು ಮಾರುವ ಹಾಗಿಲ್ಲ.

ಬೆಳ್ಳುಳ್ಳಿಯನ್ನು ಮೊದಲು ಕುದಿಸಿ ನೋಡಿದೆ. ಮನೆಯೆಲ್ಲ ವಾಸನೆ, ಮೀನಿಗೆ ಏನೂ ಇಲ್ಲ. ಅದರ ಕಸುವು ಇರೋದು ಜಜ್ಜಿದಾಗ ಹುಟ್ಟುವ ಅಲಿಸಿನ್ ಅನ್ನೋ ಘಾಟಿನ ಅಂಶದಲ್ಲಿ. ಬೆಂಕಿಗೆ ಇಟ್ಟರೆ ಹೋಯಿತು. ಈಗ ಹಸಿಯಾಗಿ ಜಜ್ಜಿ, ಹತ್ತು ನಿಮಿಷ ಸುಮ್ನೆ ಬಿಟ್ಟು, ಆಮೇಲೆ ತೌಡು-ಶೇಂಗಾ ಹಿಂಡಿಗೆ ಕಲಸುತ್ತೇನೆ. ಕೆಜಿ ಮೇವಿಗೆ 10–15 ಗ್ರಾಂ. ಜೊತೆಗೆ ನೆರಳಲ್ಲಿ ಒಣಗಿಸಿದ ಪೇರಲ ಎಲೆಯ ಪುಡಿ, ಹೆಚ್ಚುಕಡಿಮೆ ಅಷ್ಟೇ. ಉಂಡೆ ನೀರಲ್ಲಿ ಒಡೆದರೆ ದುಡ್ಡೆಲ್ಲ ಕೆಸರಿಗೆ. ಅಂಟು ಬರಲು ನಾನೇನು ಸೇರಿಸುತ್ತೇನೆ ಅನ್ನೋದು ಮಾತ್ರ ಕೇಳಬೇಡಿ! ಸಣ್ಣ ಎಸಳಿನ ಅಗ್ಗದ ಬೆಳ್ಳುಳ್ಳಿ ಸಾಕು.

ಮೀನು ಮೇವು ಮುಟ್ಟುತ್ತಿರುವಾಗಲೇ ಶುರು ಮಾಡಬೇಕು. ಹುಣ್ಣು ಒಡೆದು ದಂಡೆಗೆ ಬಂದು ತೇಲುವ ಮೀನು ತಿನ್ನುವುದೇ ಇಲ್ಲ, ಇನ್ನು ಮದ್ದು ಒಳಗೆ ಹೋಗೋದು ಹೇಗೆ? ಅಂಥವನ್ನು ಎತ್ತಿ ದೂರದಲ್ಲಿ ಹೂಳುತ್ತೇನೆ.

ಈ ಬೇಸಿಗೆಯಲ್ಲಿ ಎರಡು ವಾರ ಆಗುತ್ತಾ ಬಂದಾಗ ಬಲೆ ಎಳೆಸಿದೆ. ಕೆಂಪಿದ್ದ ಜಾಗ ಬೆಳ್ಳಗಾಗಿ ಕೂಡಿಕೊಂಡಿತ್ತು. ಸತ್ತದ್ದು ಬೆರಳೆಣಿಕೆಯಷ್ಟು. ಬೆಳ್ಳುಳ್ಳಿಗೆ ಐನೂರು ರೂಪಾಯಿ ದಾಟಲಿಲ್ಲ. ಬೋರಿನ ಹೊಸ ನೀರೂ ಬಿಟ್ಟಿದ್ದೆ, ಅದರ ಪಾಲೂ ಇದೆ ಅನ್ನಿ.

ಬೇವಿನ ರಸವನ್ನು ತೊಟ್ಟಿಯಲ್ಲಿ ಪರೀಕ್ಷಿಸಿದೆ. ಸ್ವಲ್ಪ ಜಾಸ್ತಿಯಾದರೂ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಹೊಂಡಕ್ಕಂತೂ ಸುರಿಯಲೇಬೇಡಿ. ಅರಿಶಿನ ನೀರಲ್ಲಿ ಕರಗದೆ ತಳ ಸೇರುತ್ತದೆ. ಚಳ್ಳಕೆರೆಯ ಶೇಂಗಾ ಎಣ್ಣೆಯಲ್ಲಿ ಕದಡಿ ಮೇವಿಗೆ ಹಚ್ಚಿದರೆ ನಿಲ್ಲುತ್ತದೆ. ಸದ್ಯ ಒಂದು ತೊಟ್ಟಿಗೆ ಅದನ್ನೇ ಹಾಕುತ್ತಿದ್ದೇನೆ. ದೀಪಾವಳಿ ಹೊತ್ತಿಗೆ ಗೊತ್ತಾಗುತ್ತದೆ.