ಹಿಂದಿನ ಕೋಣೆಯ ಬೆಕ್ಕು

ನಾನಿರುವುದು ಇಂಗ್ಲೆಂಡಿನ ದಕ್ಷಿಣದ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಮೂರು ವರ್ಷದಿಂದ ನಮ್ಮ ಮನೆಯ ಹಿಂದಿನ ಕೋಣೆ ಬೆಕ್ಕುಗಳಿಗೇ ಮೀಸಲು. ನಾವು ಸಾಕಿದವಲ್ಲ. ಮನೆಯೊಳಗಿನ ಹೊಡೆತ, ಬೆದರಿಕೆ ತಾಳಲಾರದೆ ಓಡಿಬಂದವರ ಬೆಕ್ಕುಗಳು.

ಹಾಗೆ ಬಂದವರಿಗೆ ಇಲ್ಲಿ ರೆಫ್ಯೂಜ್‌ಗಳಿವೆ, ಅಂದರೆ ತಲೆಮರೆಸಿಕೊಂಡು ಇರಲು ಆಶ್ರಯದ ಮನೆಗಳು. ವಿಳಾಸ ಗುಟ್ಟು. ಆದರೆ ಹೆಚ್ಚಿನ ಕಡೆ ನಾಯಿ, ಬೆಕ್ಕು ಸೇರಿಸುವುದಿಲ್ಲ. ಬಿಟ್ಟುಬಂದರೆ ಆ ಹೊಡೆಯುವವನು ಅದನ್ನು ಏನು ಮಾಡುತ್ತಾನೋ ಅಂತ ಹೆದರಿ ಎಷ್ಟೋ ಜನ ಅಲ್ಲೇ ಉಳಿದುಬಿಡುತ್ತಾರೆ. ‘ಒಂದು ಬೆಕ್ಕಿಗೋಸ್ಕರ ಹೊಡೆತ ತಿನ್ನೋದಾ?’ ಅಂತ ಮೊದಲು ನಾನೂ ಕೇಳಿದ್ದೆ. ಹಸು ಕಟ್ಟಿ ಬಂದಿದ್ದೀನಿ ಅಂತ ಒಂದು ರಾತ್ರಿಯೂ ಮದುವೆಮನೆಯಲ್ಲಿ ಉಳಿಯದ ನಮ್ಮಜ್ಜಿ ನೆನಪಾದರು. ಆಮೇಲೆ ಕೇಳಲಿಲ್ಲ.

ಅಂಥವರ ಪ್ರಾಣಿಯನ್ನು, ಅವರಿಗೆ ಬೇರೆ ಮನೆ ಸಿಗುವವರೆಗೆ, ನಮ್ಮಂಥವರ ಮನೆಯಲ್ಲಿಟ್ಟು ನೋಡಿಕೊಳ್ಳುವ ವ್ಯವಸ್ಥೆ ಇದೆ. ನಾಯಿಗಳಿಗಾಗಿ ಡಾಗ್ಸ್ ಟ್ರಸ್ಟ್ ಅನ್ನುವ ಸೇವಾಸಂಸ್ಥೆಯವರು 2004ರಲ್ಲೇ ಈ ಕೆಲಸ ಶುರು ಮಾಡಿದ್ದರು. ಆಗ ಫ್ರೀಡಂ ಪ್ರಾಜೆಕ್ಟ್, ಈಗ ಹೋಪ್ ಪ್ರಾಜೆಕ್ಟ್. ಬೆಕ್ಕುಗಳಿಗೆ ಕ್ಯಾಟ್ಸ್ ಪ್ರೊಟೆಕ್ಷನ್‌ನವರ ಲೈಫ್‌ಲೈನ್ ಇದೆ. ನಾನು ಕೆಲಸಕ್ಕೆ ಹೋಗುವವಳು, ನಾಯಿ ನನ್ನ ಕೈಯಲ್ಲಿ ಆಗದು. ಬೆಕ್ಕೇ ಸರಿ ಅಂದುಕೊಂಡೆ. ವೆಟ್ ಖರ್ಚು ಸಂಸ್ಥೆಯದು. ಕೋಣೆ ನಮ್ಮದು. ಬಾಯಿ ಮುಚ್ಚಿಕೊಂಡಿರುವ ಕೆಲಸವೂ ನಮ್ಮದೇ, ಅದೇ ಜಾಸ್ತಿ ಕಷ್ಟ.

ಬೆಕ್ಕಿನ ಒಡತಿ ಯಾರು ಅಂತ ನನಗೆ ಗೊತ್ತಿರುವುದಿಲ್ಲ, ನಾನು ಯಾರು ಅಂತ ಅವರಿಗೂ ಗೊತ್ತಿರುವುದಿಲ್ಲ. ನಡುವೆ ಇರುವುದು ಸಂಸ್ಥೆಯ ಕೋಆರ್ಡಿನೇಟರ್ ಮಾತ್ರ. ಬೆಕ್ಕನ್ನು ಹೊರಗೆ ಬಿಡುವ ಹಾಗಿಲ್ಲ. ಫೇಸ್‌ಬುಕ್‌ನಲ್ಲಿ ಫೋಟೋ ಹಾಕುವ ಹಾಗಿಲ್ಲ. ಬೆಕ್ಕಿನ ಚರ್ಮದಡಿ ಹಾಕುವ ಗುರುತಿನ ಮೈಕ್ರೋಚಿಪ್ ಯಾರ ಹೆಸರಲ್ಲಿದೆ ಅನ್ನುವುದನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ 2024ರ ಜೂನ್‌ನಿಂದ ಸಾಕಿದ ಬೆಕ್ಕಿಗೆ ಚಿಪ್ ಕಡ್ಡಾಯ. ಅದು ಗಂಡನ ಹೆಸರಲ್ಲಿದ್ದು, ಬೆಕ್ಕು ತಪ್ಪಿಸಿಕೊಂಡು ಯಾರಾದರೂ ಸ್ಕ್ಯಾನ್ ಮಾಡಿಸಿದರೆ ಫೋನ್ ನೇರ ಅವನಿಗೇ ಹೋಗುತ್ತದೆ, ಅಲ್ವಾ?

ಒಡತಿಗೆ ಆಗಾಗ ಒಂದು ಫೋಟೋ, ನಾಲ್ಕು ಸಾಲು ಸುದ್ದಿ ಕಳಿಸುತ್ತೇವೆ, ಅದೂ ಕೋಆರ್ಡಿನೇಟರ್ ಮೂಲಕ. ನನ್ನ ಮೊದಲ ಫೋಟೋ ವಾಪಸ್ ಬಂತು. ಬೆಕ್ಕು ಚೆನ್ನಾಗಿಯೇ ಬಂದಿತ್ತು. ಹಿಂದೆ ಗೋಡೆಯ ಮೇಲೆ ನಮ್ಮ ಒಂಟಿಕೊಪ್ಪಲ್ ಕ್ಯಾಲೆಂಡರ್! ಈ ಊರಿನಲ್ಲಿ ಕನ್ನಡ ಕ್ಯಾಲೆಂಡರ್ ಇರುವ ಮನೆ ಎಷ್ಟಿರಬಹುದು, ಹೇಳಿ. ಈಗ ಬಿಳಿ ಬೆಡ್‌ಶೀಟ್ ಹಾಸಿ, ಕಿಟಕಿ ಕಾಣದ ಹಾಗೆ ತೆಗೆಯುತ್ತೇನೆ.

ಕಳೆದ ವರ್ಷ ಬಂದ ಬೆಕ್ಕಿನ ನಿಜವಾದ ಹೆಸರು ಬೇಡ. ನಮ್ಮತ್ತೆ ಪುಟ್ಟಿ ಅನ್ನುತ್ತಿದ್ದರು. ಅವರು ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದರು. ಮೊಟ್ಟೆಯನ್ನೂ ಮುಟ್ಟದವರು, ನಾನು ಮೀನಿನ ಡಬ್ಬಿ ತೆರೆದರೆ ಸೆರಗು ಮೂಗಿಗೆ ಹಿಡಿದು ಹಾಲ್‌ಗೆ ಹೋಗುತ್ತಿದ್ದರು. ಪುಟ್ಟಿ ಮಾತ್ರ ಅದನ್ನೂ ಮೂಸಲಿಲ್ಲ. ಮಂಚದ ಕೆಳಗೆ, ಸೂಟ್‌ಕೇಸಿನ ಹಿಂದೆ ಎರಡು ಕಣ್ಣು, ಅಷ್ಟೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ಗೆ ತೊಂದರೆಯಾಗಬಹುದು. ಹಾಗಾಗಿ ಒಂದು ಇಡೀ ದಿನ ಬಟ್ಟಲು ಹಾಗೇ ಉಳಿದರೆ ನಾನು ಕಾಯುವುದಿಲ್ಲ, ಕೋಆರ್ಡಿನೇಟರ್‌ಗೆ ಫೋನ್ ಮಾಡುತ್ತೇನೆ. ಅವತ್ತೂ ಮಾಡಿದೆ. ಊಟ ಸ್ವಲ್ಪ ಬೆಚ್ಚಗೆ ಮಾಡಿ ಇಡಿ, ದೀಪ ಆರಿಸಿ ಹೊರಗೆ ಬನ್ನಿ ಅಂದರು. ಬೆಳಿಗ್ಗೆ ನೋಡಿದರೆ ಅರ್ಧ ಬಟ್ಟಲು ಖಾಲಿ.

ಕುಕ್ಕರ್ ವಿಷಲ್‌ಗೆ ಬೆಚ್ಚುತ್ತಾಳೆ ಅಂದುಕೊಂಡಿದ್ದೆ. ಇಲ್ಲ, ಮಿಕ್ಸಿಗೂ ಇಲ್ಲ. ಬಾಗಿಲಲ್ಲಿ ಬೀಗದಕೈ ತಿರುಗಿದರೆ ಮಾತ್ರ ಮೈಯೆಲ್ಲಾ ನೆಲಕ್ಕೆ ಅಂಟಿಸಿ ಮಂಚದ ಕೆಳಗೆ ಜಾರುತ್ತಿದ್ದಳು. ಸಂಜೆ ಆರರ ಬೀಗದಕೈ. ನನ್ನ ಗಂಡ ಅವತ್ತಿನಿಂದ ಬೆಲ್ ಒತ್ತಿ, ನಾನು ಬಾಗಿಲು ತೆಗೆಯುವವರೆಗೆ ಮಳೆಯಲ್ಲಾದರೂ ಹೊರಗೇ ನಿಲ್ಲುತ್ತಿದ್ದರು. ಅವಳ ಮನೆಯಲ್ಲಿ ಏನಾಗಿತ್ತು ಅಂತ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಒಂದು ಎಡವಟ್ಟು ಹೇಳಲೇಬೇಕು. ಪುಟ್ಟಿಯ ಜೊತೆ ಒಡತಿಯ ಹಳೇ ಸ್ವೆಟರ್ ಬಂದಿತ್ತು. ಒಗೆಯದ್ದು, ವಾಸನೆಗೆ ಅಂತಲೇ ಕಳಿಸಿದ್ದು. ‘ಕೂದಲು ಮೆತ್ತಿಕೊಂಡು ಗಲೀಜಾಗಿತ್ತು, ಒಗೆದು ಹಾಕಿದೆ’ ಅಂದರು ಅತ್ತೆ. ಎಷ್ಟು ಅಕ್ಕರೆಯಿಂದ ಮಡಿಸಿಟ್ಟಿದ್ದರು! ಪುಟ್ಟಿ ಒಂದು ಸಲ ಮೂಸಿ ದೂರ ಹೋದಳು. ಆ ರಾತ್ರಿ ಅತ್ತೆ ಊಟ ಸರಿಯಾಗಿ ಮಾಡಲಿಲ್ಲ. ಕೋಆರ್ಡಿನೇಟರ್‌ಗೆ ವಿಷಯ ತಿಳಿಸಿದೆ. ಎರಡು ವಾರಕ್ಕೆ ಜಿಪ್ ಚೀಲದಲ್ಲಿ ಒಡತಿಯ ಒಂದು ದಿಂಬಿನ ಕವರ್ ಬಂತು. ಚೀಲ ಬಿಚ್ಚಿ ನೆಲದ ಮೇಲಿಟ್ಟೆ. ಪುಟ್ಟಿ ಬಂದು ಅದರೊಳಗೆ ತಲೆ ತೂರಿಸಿ, ಮುಂಗಾಲಲ್ಲಿ ಹಿಟ್ಟು ನಾದುವ ಹಾಗೆ ನಾದುತ್ತಾ ಅಲ್ಲೇ ನಿದ್ದೆ ಹೋದಳು. ಅತ್ತೆ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು.

ಇನ್ನೊಂದು ಮಾತು, ನಮ್ಮಂಥ ಪೂಜೆಯ ಮನೆಗಳಿಗೆ. ಲಿಲ್ಲಿ ಹೂವು ತರಲೇಬೇಡಿ. ಅದರ ಪರಾಗ ಮೈಗೆ ಅಂಟಿ, ನೆಕ್ಕಿದರೂ ಸಾಕು, ಬೆಕ್ಕಿನ ಕಿಡ್ನಿ ಹಾಳಾಗುತ್ತದೆ. ವರಮಹಾಲಕ್ಷ್ಮಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಚೆಂದ ಕಾಣುವುದು ಅದೇ, ಏನು ಮಾಡೋಣ. ನಮ್ಮಲ್ಲಿ ಈಗ ಗುಲಾಬಿ.

ಏಳು ತಿಂಗಳಾದ ಮೇಲೆ ಒಡತಿಗೆ ಮನೆ ಸಿಕ್ಕಿತು. ಕೋಆರ್ಡಿನೇಟರ್ ಬಂದು ಬುಟ್ಟಿ ಎತ್ತಿಕೊಂಡರು. ಈ ಸಲ ನಮ್ಮ ಮನೆಯ ಟವೆಲ್ಲೊಂದನ್ನು ಒಗೆಯದೆ ಒಳಗಿಟ್ಟೆ. ಅಷ್ಟರಲ್ಲಿ ಅತ್ತೆ ಮೈಸೂರಿಗೆ ವಾಪಸಾಗಿದ್ದರು. ಆ ಭಾನುವಾರ ಫೋನಿನಲ್ಲಿ ಮೊದಲ ಪ್ರಶ್ನೆಯೇ ‘ಪುಟ್ಟಿ ಅವರಮ್ಮನ ಹತ್ರ ಹೋದಳೇನೇ? ಯಾವೂರಂತೆ?’

‘ಗೊತ್ತಿಲ್ಲ ಅತ್ತೆ, ನನಗೂ ಹೇಳಲ್ಲ.’

‘ಹೇಳದಿದ್ರೇ ಒಳ್ಳೇದು ಬಿಡು’ ಅಂದರು.