ಪಿ.ಟಿ. ಮೇಷ್ಟ್ರಾಗಬೇಕೆ?

ಊರಿನ ಟೂರ್ನಮೆಂಟಿನಲ್ಲಿ ಕಪ್ ಗೆಲ್ಲುವುದು ಬೇರೆ, ಅರವತ್ತು ಮಕ್ಕಳನ್ನು ಮೈದಾನದಲ್ಲಿ ಆಡಿಸುವುದು ಬೇರೆ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿಸುವುದು ಎರಡನೆಯದನ್ನು. ಈ ಕಸುಬು ಹಿಡಿಯಬೇಕೆಂದಿದ್ದರೆ ಮೊದಲು ದಾರಿ ಗೊತ್ತುಮಾಡಿಕೊಳ್ಳಿ.

ಶಾಲೆಯಲ್ಲಿ ದೈಹಿಕ ಶಿಕ್ಷಕರಾಗುವ ಆಸೆಯಿದ್ದರೆ ಪದವಿಯ ನಂತರ ಎರಡು ವರ್ಷ, ನಾಲ್ಕು ಸೆಮಿಸ್ಟರಿನ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದಬೇಕು. ಒಂದೇ ಆಟದ ಕೋಚ್ ಆಗಬೇಕೆಂದರೆ ಎನ್‌.ಐ.ಎಸ್. ಡಿಪ್ಲೊಮಾ ಇದೆ. 1961ರಲ್ಲಿ ಪಟಿಯಾಲದಲ್ಲಿ, ಅಲ್ಲಿನ ಮಹಾರಾಜರ ಮೋತಿಬಾಗ್ ಅರಮನೆಯಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯದು. ಅಲ್ಲಿ ನೀವು ಯಾವ ಮಟ್ಟದಲ್ಲಿ ಆಡಿದ್ದೀರಿ ಎನ್ನುವುದಕ್ಕೆ ತೂಕ ಹೆಚ್ಚು.

ಬಿ.ಪಿ.ಎಡ್.ಗೆ ಸಾಮಾನ್ಯವಾಗಿ ಪದವಿಯಲ್ಲಿ ಶೇ 50 ಅಂಕ, ಜೊತೆಗೆ ಅಂತರ ಕಾಲೇಜು ಅಥವಾ ಜಿಲ್ಲಾ ಮಟ್ಟದಲ್ಲಾದರೂ ಆಡಿದ ಸರ್ಟಿಫಿಕೇಟ್ ಕೇಳುತ್ತಾರೆ. ಟ್ರೋಫಿ ಶೋಕೇಸಿನಲ್ಲಿರಲಿ, ಕಾಗದ ಫೈಲಿನಲ್ಲಿರಬೇಕು. ಅದರಲ್ಲಿ ಹೆಸರು, ಇನಿಷಿಯಲ್ ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ನೋಡಿಕೊಳ್ಳಿ. ಗೆದ್ದ ಖುಷಿಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಫೀಸು ಕಟ್ಟುವ ಮೊದಲು ಕಾಲೇಜಿಗೆ ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌.ಸಿ.ಟಿ.ಇ. ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಪ್ರವೇಶಕ್ಕೆ ದೈಹಿಕ ಕ್ಷಮತೆಯ ಪರೀಕ್ಷೆಯೂ ಇರುತ್ತದೆ, ಓಟ ಬಿಡಬೇಡಿ.

ಸೇರಿದ ಮೇಲೆ ಅಂಗರಚನೆ, ಶರೀರಕ್ರಿಯೆ, ಕ್ರೀಡಾ ಮನೋವಿಜ್ಞಾನ ಎಂದು ಪುಸ್ತಕಗಳ ರಾಶಿ ಕಂಡು ಹಲವರು ತಬ್ಬಿಬ್ಬಾಗುತ್ತಾರೆ. ನನ್ನ ಮಟ್ಟಿಗೆ ಅಸಲಿ ಪರೀಕ್ಷೆ ಸುಣ್ಣ, ಹಗ್ಗ, ಗೂಟ ಹಿಡಿದು ಟ್ರ್ಯಾಕ್ ಹಾಕುವುದು. ಲೇನಿನ ಅಗಲ 1.22 ಮೀಟರ್. ತಿರುವಿನಲ್ಲಿ ಹೊರಗಿನ ಲೇನಿನವರಿಗೆ ದೂರ ಜಾಸ್ತಿ, ಹಾಗಾಗಿ ಅವರ ಆರಂಭದ ಗೆರೆ ಮುಂದಕ್ಕೆ. ಎಷ್ಟು ಮುಂದಕ್ಕೆ? ಸುಣ್ಣದ ಗೆರೆಯ ಮೈದಾನದಲ್ಲಿ ಪೂರ್ತಿ ಒಂದು ಸುತ್ತಿಗೆ ಲೇನಿನಿಂದ ಲೇನಿಗೆ ಸುಮಾರು 7.67 ಮೀಟರ್. ಲೇನಿನ ಅಗಲವನ್ನು ಎರಡು ಪೈನಿಂದ ಗುಣಿಸಿದರೆ ಬರುವ ಲೆಕ್ಕ. ಇದರಲ್ಲಿ ತ್ರಿಜ್ಯದ ಮಾತೇ ಇಲ್ಲ! ಆದ್ದರಿಂದ ಹಳ್ಳಿಶಾಲೆಯ 200 ಮೀಟರ್ ಟ್ರ್ಯಾಕಿಗೂ 400 ಮೀಟರಿನದಕ್ಕೂ ಒಂದು ಸುತ್ತಿನ ಅಂತರ ಒಂದೇ. ಒಳ ಅಂಚಿಗೆ ಎತ್ತರಿಸಿದ ಕಟ್ಟೆ ಇರುವ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮಾತ್ರ ಎರಡನೇ ಲೇನಿಗೆ 7.04 ಮೀಟರ್, ಒಳಲೇನಿನ ಓಟಗಾರ ಕಟ್ಟೆಯಿಂದ ತುಸು ದೂರವೇ ಓಡುತ್ತಾನೆ ಎಂದು ಅಲ್ಲಿ ಗೆರೆಯಿಂದ ಬಿಡುವ 20 ಸೆಂ.ಮೀ. ಬದಲು ಕಟ್ಟೆಯಿಂದ 30 ಸೆಂ.ಮೀ. ಬಿಟ್ಟು ಅಳೆಯುತ್ತಾರೆ. ಕ್ರೀಡಾಕೂಟದ ದಿನ ಈ ಗೆರೆ ತಪ್ಪಿದರೆ ಜಗಳ ಖಾತ್ರಿ.

ಆಮೇಲೆ ಶಾಲೆಗಳಲ್ಲಿ ಬೋಧನಾ ಅಭ್ಯಾಸ. ಎರಡೇ ಚೆಂಡಿದ್ದರೂ ಯಾರೂ ಸುಮ್ಮನೆ ಕೂರದಂತೆ ತರಗತಿ ನಡೆಸುವುದು ಅಲ್ಲೇ ರೂಢಿಯಾಗಬೇಕು.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಎಂ.ಪಿ.ಎಡ್. (ಸ್ನಾತಕೋತ್ತರ ಪದವಿ) ಜೊತೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಓದುವಾಗಲೇ ಕಬಡ್ಡಿಯದೋ ವಾಲಿಬಾಲಿನದೋ ರೆಫರಿ ಪರೀಕ್ಷೆ ಮುಗಿಸಿಕೊಂಡರೆ ಟೂರ್ನಮೆಂಟ್ ಸೀಸನ್ನಿನಲ್ಲಿ ಕೈಖರ್ಚಿಗೂ ಒಂದಿಷ್ಟು ಆದೀತು.