ಖಾಲಿ ತೋಟಾ ತುಂಬುವ ಬದಲು ಇರುವ ತೋಟಾ ಕಾಪಾಡಿಕೊಳ್ಳಿ
ಖಾನಾಪುರದ ಕಡೆ ಬೆಳೆರಕ್ಷಣೆಗೆಂದು ಪರವಾನಗಿ ಪಡೆದು ಹನ್ನೆರಡು ಬೋರಿನ ಬಂದೂಕು ಇಟ್ಟುಕೊಂಡಿರುವ ರೈತಬಾಂಧವರಲ್ಲಿ ಕೆಲವರು, ತೋಟಾ (ಕಾಡತೂಸು) ದುಬಾರಿಯಾಯಿತೆಂದು ಖಾಲಿ ಕೊಳವೆಗಳಿಗೆ ಮನೆಯಲ್ಲೇ ಮದ್ದು ತುಂಬುವ ಮಾತಾಡುವುದನ್ನು ಕೇಳಿ ನನಗೆ ನಿಜಕ್ಕೂ ಆತಂಕವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಮದ್ದುಗುಂಡು ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕಿನ ಪರವಾನಗಿ ಅದಕ್ಕೆ ಸಾಲದು. 2019ರ ತಿದ್ದುಪಡಿಯ ನಂತರ, ಆ ಪರವಾನಗಿಯಿಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷಗಳ ಸೆರೆವಾಸವಿದೆ.

ಹಣ ಉಳಿಸುವ ದಾರಿ ಬೇರೆಯಿದೆ. ನಮ್ಮಲ್ಲಿ ತೋಟಾ ಹಾಳಾಗುವುದು ಬಹುಮಟ್ಟಿಗೆ ಮಳೆಗಾಲದ ತೇವದಿಂದ. ಆದ್ದರಿಂದ ಅವನ್ನು ಮೂಲ ಪೆಟ್ಟಿಗೆಯಲ್ಲೇ, ಖರೀದಿಯ ದಿನಾಂಕ ಬರೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಒಲೆಯ ಶಾಖದಿಂದ ದೂರವಾಗಿ, ಬಂದೂಕಿನಿಂದ ಬೇರೆಯಾಗಿ ಬೀಗ ಹಾಕಿಡಬೇಕು. ಹಳೆಯದನ್ನು ಮೊದಲು ಬಳಸಿ. ಬಂದೂಕಿಗೆ ಹಚ್ಚುವ ಎಣ್ಣೆ ತೋಟಾಕ್ಕೆ ತಾಗಕೂಡದು. ಅದು ಒಳಗಿಳಿದು, ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಭಾಗವಾದ ಪ್ರೈಮರನ್ನೇ ಕೆಡಿಸಬಲ್ಲದು. ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು ಕಂಡರೆ, ಕೊಳವೆ ಉಬ್ಬಿದ್ದರೆ, ಅದನ್ನು ಬಿಸಿಲಿಗಿಟ್ಟು ಒಣಗಿಸಲು ಹೋಗದೆ, ಪರವಾನಗಿ ಹೊಂದಿದ ಮಾರಾಟಗಾರರನ್ನಾಗಲಿ ಪೊಲೀಸ್ ಠಾಣೆಯನ್ನಾಗಲಿ ವಿಚಾರಿಸಿ.

ಬಂದೂಕಿನ ಕುದುರೆ (ಟ್ರಿಗರ್) ಎಳೆದರೂ ತೋಟಾ ಹಾರದಿದ್ದಾಗ ಕೂಡಲೇ ಬಂದೂಕು ಬಿಚ್ಚಬೇಡಿ. ಮದ್ದು ತಡವಾಗಿ ಹತ್ತಿಕೊಳ್ಳುವ ಸಾಧ್ಯತೆ ಇರುವುದರಿಂದ, ನಳಿಗೆಯನ್ನು ಯಾರೂ ಇಲ್ಲದ ಸುರಕ್ಷಿತ ದಿಕ್ಕಿಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ.